ಕೆಸರಿಗೆ ಇಳಿದರೆ ಪಾಠ ಆಗಲ್ವಾ?

ಇವತ್ತು ಸಿಟ್ಟು ಇನ್ನೂ ಇಳಿದಿಲ್ಲ. ಹವಾಯಿಯ ಹೊನೊಲುಲುವಿನ ಕೆಸುವಿನ ಗದ್ದೆಯಲ್ಲಿ ಶಾಲೆಯ ಮಕ್ಕಳು ಮೊಣಕಾಲುದ್ದ ಕೆಸರಲ್ಲಿ ನಿಂತು ನಾಟಿ ಮಾಡುತ್ತಿದ್ದರು. ಬದುವಿನ ಮೇಲೆ ನಿಂತಿದ್ದ ನಮ್ಮ ಕಡೆಯವರೇ ಒಬ್ಬರು, "ಇದೆಲ್ಲ ಸರಿ, ಪಾಠ ಯಾವಾಗ ಶುರು?" ಅಂತ ಕೇಳಿದರು.

ಇದೇ ಪಾಠ ಸ್ವಾಮಿ!

ನಾನು ಗದ್ದೆ ಮನೆಯಲ್ಲಿ ಬೆಳೆದವಳು. ನಮ್ಮ ಪತ್ರೊಡೆಯ ಕೆಸುವೇ ಇಲ್ಲಿನ ಕಾಲೊ. ಹೊಳೆಯಿಂದ ಕಾಲುವೆಗೆ ಬಂದ ನೀರು ಗದ್ದೆಯಿಂದ ಗದ್ದೆಗೆ ಹರಿದು ಮತ್ತೆ ಹೊಳೆಗೇ ಸೇರಬೇಕು. ನಿಂತು ಬಿಸಿಯಾದರೆ ಗೆಡ್ಡೆ ಕೊಳೆಯುತ್ತದೆ. ಕಾಲಿಗೆ ನೀರು ತಣ್ಣಗೆ ತಾಗದಿದ್ದರೆ ಎಲ್ಲೋ ಕಟ್ಟಿಕೊಂಡಿದೆ ಅಂತ ಹತ್ತು ವರ್ಷದ ಹುಡುಗಿಗೂ ತಿಳಿಯುತ್ತದೆ. ಕಬ್ಬಿನ ತೋಟದ ಕಂಪನಿಗಳು ಹೊಳೆಗಳನ್ನೇ ತಿರುಗಿಸಿಕೊಂಡಾಗ ಕೆಳಗಿನ ಕೆಸುವಿನ ಗದ್ದೆಗಳು ಯಾಕೆ ಹಾಳುಬಿದ್ದವು ಅಂತ ಅವಳಿಗೆ ಬೇರೆ ಹೇಳಬೇಕಾಗಿಲ್ಲ. ಹವಾಯಿಯವರ ಕಥೆಯಲ್ಲಿ ಸತ್ತು ಹುಟ್ಟಿದ ಮೊದಲ ಮಗುವನ್ನು ಹೂತ ಜಾಗದಲ್ಲಿ ಕೆಸು ಚಿಗುರಿತು, ಆಮೇಲೆ ಹುಟ್ಟಿದ ತಮ್ಮನಿಂದ ಜನ ಬೆಳೆದರು. ಅಂದರೆ ಕೆಸು ಅವರಿಗೆ ಅಣ್ಣ. ಅಣ್ಣನನ್ನು ಪುಸ್ತಕದಲ್ಲಿ ಓದಿ ಸಾಕುವುದು ಹೇಗೆ?

ಬದುವಿನ ಮೇಲಿದ್ದವರು ಅಷ್ಟಕ್ಕೇ ಬಿಡಲಿಲ್ಲ. ಜಿಪಿಎಸ್ ಇರುವಾಗ ಇಲ್ಲಿನ ಮಕ್ಕಳಿಗೆ ನಕ್ಷತ್ರ ನೋಡಿ ದೋಣಿ ನಡೆಸುವುದನ್ನು ಯಾಕೆ ಕಲಿಸುತ್ತಾರೆ, ಲೆಕ್ಕ, ವಿಜ್ಞಾನ ಹಿಂದೆ ಬೀಳಲ್ವಾ ಅಂದರು. ಮಕ್ಕಳು ಚಾಚಿದ ಕೈಯಿಂದ ದಿಗಂತದ ಮೇಲೆ ಧ್ರುವ ನಕ್ಷತ್ರದ ಎತ್ತರ ಅಳೆಯುತ್ತಾರೆ. ಹೊನೊಲುಲುವಿನಲ್ಲಿ ಅದು ಸುಮಾರು 21 ಡಿಗ್ರಿ, ಊರಿನ ಅಕ್ಷಾಂಶವೂ ಅಷ್ಟೇ. ಇದು ಲೆಕ್ಕ ಅಲ್ವಾ? ಅಲೆ ಯಾವ ಕಡೆಯಿಂದ ಬರುತ್ತಿದೆ ಅಂತ ಮೈಯಿಂದಲೇ ತಿಳಿಯುವುದು ವಿಜ್ಞಾನ ಅಲ್ವಾ?

ಇನ್ನೊಂದು ವಿಷಯ ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಪಾಠದ ಭಾಷೆ ಮಾಡಿತು. ಹವಾಯಿ ಭಾಷೆ ಆಡಿದ ಮಕ್ಕಳು ಪೆಟ್ಟು ತಿಂದರು. ನಕ್ಷತ್ರ ನೋಡಿ ದೋಣಿ ನಡೆಸುವ ವಿದ್ಯೆಯೂ ಮರೆಯಾಗಿತ್ತು. 1976ರಲ್ಲಿ ಹೋಕುಲೆಯ ಅನ್ನುವ, ಎರಡು ಒಡಲು ಜೋಡಿಸಿದ ಹಾಯಿದೋಣಿ ಯಾವ ಉಪಕರಣವೂ ಇಲ್ಲದೆ ದೂರದ ತಾಹಿತಿ ದ್ವೀಪಕ್ಕೆ ಹೊರಟಾಗ, ದಾರಿ ತೋರಿಸಲು ಹವಾಯಿಯಲ್ಲಿ ಒಬ್ಬರೂ ಉಳಿದಿರಲಿಲ್ಲ! ಮೈಕ್ರೊನೇಷ್ಯಾದ ಸತವಾಲ್ ದ್ವೀಪದಿಂದ ನಾವಿಕ ಮಾವು ಪಿಯಾಯ್ಲುಗ್ ಅವರನ್ನು ಕರೆಸಬೇಕಾಯಿತು. ಅವರ ಹತ್ತಿರ ಕಲಿತ ಹವಾಯಿಯ ನೈನೋವಾ ಥಾಂಪ್ಸನ್ 1980ರಲ್ಲಿ ಅದೇ ದಾರಿಯಲ್ಲಿ ಹೋಗಿ ಬಂದರು. ಆ ದೋಣಿ ಆಮೇಲೆ 2014ರಿಂದ 2017ರವರೆಗೆ ಭೂಮಿಯನ್ನೇ ಸುತ್ತಿತು. ಇಷ್ಟು ಕಷ್ಟಪಟ್ಟು ಮರಳಿ ಪಡೆದದ್ದನ್ನು ಮಕ್ಕಳಿಗೆ ದಾಟಿಸುತ್ತಿದ್ದರೆ, ಅದನ್ನು ಪಾಠ ಬಿಟ್ಟು ಆಟ ಆಡಿಸಿದಂತೆ ನೋಡಬೇಡಿ.

ಹೊನೊಲುಲು ಇರುವ ಈ ಓಆಹು ದ್ವೀಪದ ಕನ್ನಡದವರೇ, ಹವಾಯಿ ವಿಶ್ವವಿದ್ಯಾಲಯದ ಕಾನೆವಾಯಿ ಗದ್ದೆಯಲ್ಲಿ ಊರವರೂ ಸೇರಿ ಕೆಲಸ ಮಾಡುವ ದಿನಗಳಿವೆ. ಮಕ್ಕಳನ್ನು ಕರೆದುಕೊಂಡು ಬನ್ನಿ. ಬದುವಿನ ಮೇಲೆ ಸುಮ್ನೆ ನಿಲ್ಲಬೇಡಿ, ನೀವೂ ಇಳಿಯಿರಿ.