ಜೇಬಿನಲ್ಲಿ ಕೈ, ಬೀರುವಿನಲ್ಲಿ ಬೋರ್ಡು

ಹತ್ತು ವರ್ಷದ ಹುಡುಗಿಯೊಬ್ಬಳು ನನ್ನ ಕೈ ತಳ್ಳಿದಳು. ಸಿಟ್ಟಿನಿಂದೇನಲ್ಲ, ತಟ್ಟೆ ಮೇಲೆ ಕೂರಲು ಬಂದ ನೊಣ ಓಡಿಸಿದ ಹಾಗೆ.

ಐರ್ಲೆಂಡಿನ ಕಾರ್ಕ್ ನಗರದ ಒಂದು ಲೈಬ್ರರಿ. ಶನಿವಾರ ಬೆಳಿಗ್ಗೆ, ಹೊರಗೆ ಎಂದಿನ ಮಳೆ. ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಡುವ ಕ್ಲಬ್ಬಿಗೆ ನಾನು ಹೊಸಬ. ಹುಡುಗಿ ಎಲ್‌ಇಡಿಯ ಉದ್ದ ಕಾಲು ಗಿಡ್ಡ ಕಾಲು ಅದಲುಬದಲಾಗಿ ಚುಚ್ಚಿದ್ದಳು. ಹತ್ತಲೇ ಇಲ್ಲ. ನೋಡಿ ನೋಡಿ ತಡೆಯಲಾಗದೆ, ಸುಮ್ನೆ ಕಿತ್ತು ತಿರುಗಿಸಿ ಹಾಕೋಣ ಅಂತ ಕೈ ಚಾಚಿದ್ದೆ. ಆಮೇಲೆ ಕ್ಲಬ್ ನಡೆಸುವ ಹೆಂಗಸು ಪಕ್ಕಕ್ಕೆ ಕರೆದು ನಗುತ್ತಲೇ ಹೇಳಿದರು: "ಇಲ್ಲಿ ಕಲಿಸೋರ ಕೈ ಜೇಬಿನಲ್ಲಿರಬೇಕು."

ಇದೇ ಕೆಲಸ ಮಾಡಿ ಹದಿನೈದು ವರ್ಷ ಸಂಬಳ ಎಣಿಸಿದವನಿಗೆ ಚುಚ್ಚದೆ ಇರುತ್ತದೆಯೇ?

ಕಾರ್ಕಿನವರಿಗೆ ಈ ವಿಷಯದಲ್ಲಿ ಕೊಂಚ ಜಂಬವೂ ಇದೆ. ಆಮೇಲೆ ಎಷ್ಟೋ ದೇಶಗಳಿಗೆ ಹಬ್ಬಿದ, ಮಕ್ಕಳಿಗೆ ಕೋಡಿಂಗ್ ಹೇಳಿಕೊಡುವ ಕೋಡರ್‌ಡೋಜೋ ಕ್ಲಬ್ಬುಗಳು 2011ರಲ್ಲಿ ಶುರುವಾಗಿದ್ದು ಇದೇ ಊರಿನಲ್ಲಿ. 7ರಿಂದ 17 ವರ್ಷದ ಮಕ್ಕಳು ಬರಬಹುದು. ಫೀಸಿಲ್ಲ, ಪರೀಕ್ಷೆಯಿಲ್ಲ. ನಮ್ಮ ಕ್ಲಬ್ಬೂ ಅದೇ ಜಾಡಿನದು. ದೀಪ ಬೆಳಗುವವರಿಲ್ಲ, ವೇದಿಕೆ ಮೇಲಿನ ಗಣ್ಯರಿಲ್ಲ. ಬಂದ ಮಗುವಿನ ಮುಂದೆ ಒಂದು ಬೋರ್ಡು, ಒಂದು ಕೇಬಲ್ಲು, ಒಂದು ಹಿಡಿ ವೈರು. ಐದೇ ನಿಮಿಷಕ್ಕೆ ಕೆಲಸ ಶುರು. 15 ಮಕ್ಕಳಿಗೆ ನಾಲ್ವರು ದೊಡ್ಡವರು, ನಾಲ್ವರ ಕೈಯೂ ಜೇಬಿನಲ್ಲಿ.

ಎಲ್‌ಇಡಿ ತಿರುಗಿಸಿ ಹಾಕಬೇಕು ಅಂತ ಆ ಹುಡುಗಿಗೆ ಹೊಳೆಯಲು ಇಪ್ಪತ್ತು ನಿಮಿಷ ಬೇಕಾಯಿತು. ಹತ್ತಿದಾಗ ಅವಳು ಹೊಡೆದ ಕೂಗಿಗೆ ಆ ತುದಿಯಲ್ಲಿ ಪೇಪರ್ ಓದುತ್ತಿದ್ದ ಅಜ್ಜ ತಲೆಯೆತ್ತಿ ನೋಡಿದ.

ನನಗೆ ನನ್ನ ಕಾಲೇಜಿನ ಲ್ಯಾಬ್ ನೆನಪಾಯಿತು. ನಾಲ್ಕು ಜನರ ಬ್ಯಾಚಿಗೆ ಒಂದು ಬೋರ್ಡು. ಕನೆಕ್ಷನ್ ಕೊಡುವವನು ಒಬ್ಬ, ರೀಡಿಂಗ್ ಬರೆಯುವವನು ಒಬ್ಬ, ಸೀನಿಯರ್ ರೆಕಾರ್ಡ್ ಹೊಂದಿಸಿ ತರುವವನು ಒಬ್ಬ. ನಾಲ್ಕನೆಯವನು ಕ್ಯಾಂಟೀನಿನಲ್ಲಿ. ಅಕ್ಷರ ಗುಂಡಗಿದೆ ಅಂತ ನನ್ನ ಪಾಲಿಗೆ ರೀಡಿಂಗ್ ಬಂದಿತ್ತು. ರೆಸಿಸ್ಟರ್ ಮೇಲಿನ ಬಣ್ಣದ ಪಟ್ಟಿಗಳ ಕ್ರಮ ನೆನಪಿಡಲು ಹೇಳಿಕೊಡುವ ಬಿ.ಬಿ. ರಾಯ್ ಮಂತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದೆ. ಆದರೆ ಒಂದು ರೆಸಿಸ್ಟರ್ ಬೆರಳಲ್ಲಿ ಹಿಡಿದು ಬಣ್ಣ ಎಣಿಸಿದ ನೆನಪಿಲ್ಲ. ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಬೆಸುಗೆ ಹಾಕಲು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ, ಅದೂ ಕದ್ದುಮುಚ್ಚಿ.

ಎರಡು ವರ್ಷದ ಹಿಂದೆ ರಜೆಗೆ ಬಂದಾಗ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ 20 ಊನೋ ಬೋರ್ಡು ಕೊಂಡೆ. ಊನೋ ಅಂದರೆ ಪ್ರೋಗ್ರಾಂ ತುಂಬಿ ದೀಪ, ಮೋಟಾರು ಆಡಿಸಬಹುದಾದ ಆರ್ಡುಯಿನೋದವರ ಪುಟ್ಟ ಬೋರ್ಡು. ನಾನು ಕೊಂಡದ್ದು ಅಸಲಿ ಆರ್ಡುಯಿನೋ ಅಲ್ಲ, ತದ್ರೂಪು. ಅದರ ನಕ್ಷೆಯನ್ನು ಮಾಡಿದವರೇ ಎಲ್ಲರಿಗೂ ಬಿಟ್ಟುಕೊಟ್ಟಿರುವುದರಿಂದ ಇದರಲ್ಲಿ ಕಳ್ಳತನವೇನಿಲ್ಲ. ತಿಪಟೂರು ಕಡೆಯ ನನ್ನ ಹೈಸ್ಕೂಲಿಗೆ ಒಯ್ದು ಕೊಟ್ಟೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಬೋರ್ಡಿನ ಡಬ್ಬಕ್ಕೂ ಕುಂಕುಮ ಹಚ್ಚಿದರು.

ಮರುವರ್ಷ ಹೋದೆ. ಹೆಡ್‌ಮೇಷ್ಟ್ರು ಖುಷಿಯಿಂದ ಬೀರು ತೆಗೆಸಿದರು. ಥರ್ಮಾಕೋಲಿನಲ್ಲಿ ಇಪ್ಪತ್ತೂ ಸಾಲಾಗಿ ಮಲಗಿದ್ದವು. ಒಂದೊಂದರ ಬೆನ್ನಿಗೂ ಬಿಳಿ ಪೇಂಟಿನಲ್ಲಿ ನಂಬರು, 1ರಿಂದ 20. "ನೋಡಿ, ಒಂದೇ ಒಂದು ಹಾಳಾಗಿಲ್ಲ!"

ಮೈಯೆಲ್ಲ ಉರಿಯಿತು. ಆರ್ಡುಯಿನೋ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ. ಎಂಜಿನಿಯರುಗಳಿಗಾಗಿ ಅಲ್ಲ, ಡಿಸೈನ್ ಓದುವ ಹುಡುಗರಿಗಾಗಿ. ಹೊರಗೆ ಒಂದು ಪಿಜ್ಜಾ ತಿಂದಷ್ಟು ಬೆಲೆಗೆ ಸಿಗಬೇಕು ಅನ್ನುವುದು ಮಾಡಿದವರ ಲೆಕ್ಕ. ಸುಟ್ಟರೆ ಸುಡಲಿ ಅಂತಲೇ ಅಲ್ವಾ? ಐರ್ಲೆಂಡಿನ ಪಕ್ಕದ ಬ್ರಿಟನ್ನಿನಲ್ಲಿ 2016ರಲ್ಲಿ ಸುಮಾರು 10 ಲಕ್ಷ ಮಕ್ಕಳಿಗೆ ಇಂಥದ್ದೇ ಮೈಕ್ರೋಬಿಟ್ ಬೋರ್ಡನ್ನು ಪುಕ್ಕಟೆ ಕೊಟ್ಟರು. ಕೊಟ್ಟಿದ್ದು ಶಾಲೆಗಲ್ಲ, ಮಗುವಿಗೆ. ಮನೆಗೆ ಒಯ್ದು ನಾಯಿ ಕೊರಳಿಗೆ ಕಟ್ಟಿದರೂ ಕೇಳುವವರಿಲ್ಲ. ನಮ್ಮಲ್ಲಿ ಮಗು ಮುಟ್ಟಿದರೆ ಹಾಳು, ಮುಟ್ಟದೆ ಇಟ್ಟರೆ ಭದ್ರ.

ಅಷ್ಟಕ್ಕೂ ಊನೋ ಅಷ್ಟು ಸುಲಭಕ್ಕೆ ಸಾಯುವುದೂ ಇಲ್ಲ. ಯುಎಸ್‌ಬಿಯಿಂದ 500 ಮಿಲಿಆಂಪಿಯರಿಗಿಂತ ಜಾಸ್ತಿ ಎಳೆದರೆ ತಡೆಯಲು, ಆಮೇಲೆ ತಾನೇ ಸರಿಹೋಗುವ ಫ್ಯೂಸು ಅದರಲ್ಲೇ ಇದೆ. ವೈರು ಸಿಕ್ಕಿಸುವ ಒಂದೊಂದು ಪಿನ್ನಿಗೆ ಮಾತ್ರ ಮಿತಿ 40 ಮಿಲಿಆಂಪಿಯರ್. ಕರೆಂಟಿಗೆ ಕಡಿವಾಣ ಹಾಕುವ 220 ಓಮಿನ ರೆಸಿಸ್ಟರ್ ಹಾಕಿದರೆ ಕೆಂಪು ಎಲ್‌ಇಡಿ ಎಳೆಯುವುದು 14ರ ಆಸುಪಾಸು, ಆರಾಮ. ರೆಸಿಸ್ಟರ್ ಮರೆತು ಎಲ್‌ಇಡಿಯನ್ನು ನೇರ 5 ವೋಲ್ಟಿಗೆ ಸಿಕ್ಕಿಸಿದರೆ ಟಪ್ ಅಂತ ಹೋಗುತ್ತದೆ, ಕಮಟು ವಾಸನೆ. ಒಂದೂವರೆ ರೂಪಾಯಿಯ ಆ ವಾಸನೆ ಕಲಿಸುವಷ್ಟು ಓಮ್ ನಿಯಮವನ್ನು ನನ್ನ ಗುಂಡಗಿನ ಅಕ್ಷರ ಕಲಿಸಲಿಲ್ಲ.

ಇದನ್ನೆಲ್ಲ ಬೀರುವಿನ ಬೀಗದ ಕೈ ಹಿಡಿದು ನಿಂತಿದ್ದ ಅಟೆಂಡರ್ ಮುಂದೆ ಜೋರಾಗಿಯೇ ಹೇಳಿದೆ. ಅವರು ಕೇಳಿಸಿಕೊಂಡು, "ಆಡಿಟ್‌ನೋರು ಬಂದಾಗ ನೀವು ಐರ್ಲೆಂಡಿನಿಂದ ಬರ್ತೀರಾ ಸಾರ್?" ಅಂದರು. ರಿಟೈರ್ ಆಗಲು ಅವರಿಗೆ ಮೂರು ವರ್ಷ ಬಾಕಿ. ಸ್ಟಾಕ್ ಬುಕ್ಕಿನಲ್ಲಿ ಒಂದು ಕಡಿಮೆಯಾದರೂ ಸಹಿ ಹಾಕಿದವರೇ ತುಂಬಿಕೊಡಬೇಕು. ಕಾರ್ಕಿನಲ್ಲಿ ಸತ್ತ ಬೋರ್ಡನ್ನು ಬಿಸ್ಕತ್ತಿನ ಡಬ್ಬಕ್ಕೆ ಎಸೆಯುತ್ತೇವೆ, ಲೆಕ್ಕ ಕೇಳುವವರಿಲ್ಲ. ಅದನ್ನು ದೊಡ್ಡ ಗುಣ ಅಂದುಕೊಂಡಿದ್ದೆ.

ಸರಿ, ಒಂದು ದಿನದ ಕಾರ್ಯಾಗಾರ ಮಾಡೋಣ ಅಂತ ಹಟ ಹಿಡಿದೆ. 62 ಮಕ್ಕಳು ಬಂದರು. ಪ್ರಾರ್ಥನೆ, ಸ್ವಾಗತ, ಉದ್ಘಾಟನೆ ಅಂತ ಒಂದು ಗಂಟೆ ಹೋಯಿತು. ಕೇಬಲ್ಲುಗಳಲ್ಲಿ ಅರ್ಧ ಬರೀ ಚಾರ್ಜಿಂಗಿನವು, ಡೇಟಾ ಹೋಗುವುದಿಲ್ಲ. ಮಕ್ಕಳು ಸೈಕಲ್ ಹತ್ತಿ ಮನೆಮನೆಯಿಂದ ಕೇಬಲ್ ತಂದರು. ನಾನು ಕಾರ್ಕಿನ ನಿಯಮದಂತೆ ಜೇಬಿನಲ್ಲಿ ಕೈಯಿಟ್ಟು ನಿಂತೆ. ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿನಿಂದ ಪಿಸುಮಾತು: "ಸಾರ್‌ಗೂ ಬರಲ್ಲ ಕಣೋ." ಕೈ ಹೊರಗೆ ಬಂತು, ಏನು ಮಾಡಲಿ.

ಪಂಪ್‌ಸೆಟ್ ಮೋಟಾರು ವೈಂಡಿಂಗ್ ಮಾಡುವವರ ಮಗಳೊಬ್ಬಳಿದ್ದಳು. ಸ್ಟ್ರಿಪ್ಪರ್ ಕೊಡಲು ಹೋದರೆ ಬೇಡ ಅಂದಳು. ವೈರನ್ನು ಹಲ್ಲಲ್ಲಿ ಕಚ್ಚಿ, ತುಸು ತಿರುಗಿಸಿ, ಸರಕ್ಕನೆ ಎಳೆದಳು. ತಾಮ್ರದ ಒಂದು ಎಳೆಯೂ ತುಂಡಾಗಿರಲಿಲ್ಲ. ಕಾರ್ಕಿನಲ್ಲಿ ತಲೆಗೊಂದು ಸ್ಟ್ರಿಪ್ಪರ್ ಇದ್ದರೂ ವೈರು ಸುಲಿಯಲು ಅರ್ಧ ಗಂಟೆ ಹಿಡಿಯುತ್ತದೆ. ಅಲ್ಲಿ ಇರುವುದೂ ಹದಿನೈದೇ ಸೀಟು. ಹದಿನಾರನೆಯ ಮಗುವಿಗೆ ‘ಸಾರಿ’ ಅನ್ನುತ್ತೇವೆ, ಅದನ್ನು ನಾನು ಇಲ್ಲಿಯವರೆಗೆ ಹೇಳಿರಲಿಲ್ಲ.

ಮೂರು ಗಂಟೆಗೆ ಕರೆಂಟು ಹೋಯಿತು. ಕಂಪ್ಯೂಟರುಗಳೆಲ್ಲ ಬಂದ್. ಒಬ್ಬ ಹುಡುಗ ಬೋರ್ಡನ್ನು ನನ್ನ ಪವರ್ ಬ್ಯಾಂಕಿಗೆ ಸಿಕ್ಕಿಸಿದ. ಎಲ್‌ಇಡಿ ಮೊದಲಿನ ಹಾಗೇ ಮಿಣುಕತೊಡಗಿತು. "ಕರೆಂಟು ಹೋದ್ರೂ ಮರ್ತಿಲ್ಲ ಸಾರ್ ಇದು!" ಕರೆಂಟಿಲ್ಲದಿದ್ದರೂ ಪ್ರೋಗ್ರಾಂ ಹಿಡಿದಿಟ್ಟುಕೊಳ್ಳುವ, ಬೋರ್ಡಿನೊಳಗಿನ ಫ್ಲ್ಯಾಶ್ ಮೆಮೊರಿಯ ಬಗ್ಗೆ ಕಾರ್ಕಿನಲ್ಲಿ ಒಂದು ಮಗುವೂ ನನ್ನನ್ನು ಕೇಳಿದ್ದಿಲ್ಲ. ಅಲ್ಲಿ ಕರೆಂಟು ಹೋದರೆ ತಾನೇ.

ಹೊರಡುವ ಮುಂಚೆ ಹೆಡ್‌ಮೇಷ್ಟ್ರಿಗೆ ಒಂದು ಪತ್ರ ಬರೆದುಕೊಟ್ಟೆ: ಈ ಬೋರ್ಡುಗಳನ್ನು ಸೀಮೆಸುಣ್ಣದ ಹಾಗೆ ಬಳಸಿ ಮುಗಿಸುವ ಸಾಮಾನು ಅಂತ ಲೆಕ್ಕಕ್ಕೆ ಹಿಡಿಯಬೇಕು. ‘ನೋಡೋಣ’ ಅಂದರು. ಅವರ ನೋಡೋಣದ ಅರ್ಥ ನನಗೂ ಗೊತ್ತು.

ಹೋದ ತಿಂಗಳು ಅಟೆಂಡರ್ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದರು. ನಂಬರು 14, ಚಿಪ್ಪಿನ ನೆತ್ತಿ ಸೀಳಿ ಕಪ್ಪಾಗಿದೆ. ಎರಡನೇ ಫೋಟೋದಲ್ಲಿ ಅದೇ ಬೋರ್ಡು ಥರ್ಮಾಕೋಲಿನಲ್ಲಿ, 13 ಮತ್ತು 15ರ ನಡುವೆ ತಣ್ಣಗೆ ಮಲಗಿದೆ. ಕೆಳಗೆ ಬರೆದಿದ್ದರು: "ಮಕ್ಕಳು ದಿನಾ ಆಡ್ತವೆ ಸಾರ್. ಎಣಿಕೆಗೆ ಇಪ್ಪತ್ತೂ ಸರಿಯಾಗಿದೆ."