ಯೋಚಿಸುವ ಕಾರ್ಡಿಯಾ, ಮರುಗುವ ಕರುಳು

ಮೊನ್ನೆ ಒಂದು ಪ್ರಾರ್ಥನಾ ಕೂಟಕ್ಕೆ ಹೋಗಿದ್ದೆ. ಪ್ರಸಂಗ ಮಾಡಿದವರು ಬೈಬಲಿನ ಹೊಸ ಒಡಂಬಡಿಕೆಯಿಂದ, ರೋಮಾಪುರದವರಿಗೆ ಬರೆದ ಪತ್ರದ 10:10 ಓದಿ, "ನೋಡಿ, ಹೃದಯದಿಂದ ನಂಬಬೇಕು ಅಂತಿದೆ. ತಲೆ ಓಡಿಸಬೇಡಿ, ಪ್ರಶ್ನೆ ಕೇಳಬೇಡಿ" ಅಂದರು. ಎಲ್ಲರೂ ಆಮೆನ್ ಅಂದರು. ನಾನೂ ಸುಮ್ನೆ ಕೂತಿದ್ದೆ. ಅಲ್ಲೇ ಕೇಳಬೇಕಿತ್ತು, ಕೇಳಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೊಸ ಒಡಂಬಡಿಕೆಯ ಮೂಲ ಭಾಷೆ ಗ್ರೀಕ್. ಆ ವಚನದಲ್ಲಿ 'ಹೃದಯ' ಅಂತ ಅನುವಾದವಾಗಿರುವ ಗ್ರೀಕ್ ಪದ 'ಕಾರ್ಡಿಯಾ'. ಆಸ್ಪತ್ರೆ ಬೋರ್ಡಿನ ಕಾರ್ಡಿಯಾಲಜಿಗೂ ಅದೇ ಬೇರು. ಹೊಸ ಒಡಂಬಡಿಕೆಯಲ್ಲಿ 150ಕ್ಕೂ ಹೆಚ್ಚು ಸಲ ಬರುತ್ತದೆ. ಆದರೆ ಅದು ಅಲ್ಲಿ ಮಾಡುವ ಕೆಲಸ ನೋಡಿ. ಮಾರ್ಕ 2ರಲ್ಲಿ ಪಾರ್ಶ್ವವಾಯು ರೋಗಿಯನ್ನು ಚಾವಣಿ ಬಿಚ್ಚಿ ಕೆಳಗಿಳಿಸುತ್ತಾರಲ್ಲ, ಯೇಸು ಅವನಿಗೆ 'ನಿನ್ನ ಪಾಪ ಕ್ಷಮಿಸಲಾಗಿದೆ' ಅಂದಾಗ ಅಲ್ಲಿ ಕೂತ ಶಾಸ್ತ್ರಿಗಳು ಒಳಗೊಳಗೇ ವಾದ ಹೂಡುತ್ತಾರೆ: ಪಾಪ ಕ್ಷಮಿಸೋಕೆ ದೇವರೊಬ್ಬನಿಗೇ ತಾನೇ ಸಾಧ್ಯ, ಇವನು ಯಾರು? ಈ ತರ್ಕವೆಲ್ಲ ನಡೆಯುವುದು ಕಾರ್ಡಿಯಾದಲ್ಲಿ! ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ, ಎಷ್ಟು ಕೊಡಬೇಕು ಅಂತ ಮೊದಲೇ ತೀರ್ಮಾನ ಮಾಡುವ ಜಾಗವೂ ಅದೇ. ಎಮ್ಮಾಹು ಎಂಬ ಊರಿನ ದಾರಿಯಲ್ಲಿ ಯೇಸುಸ್ವಾಮಿ ಇಬ್ಬರು ಶಿಷ್ಯರನ್ನು 'ಕಾರ್ಡಿಯಾ ಮಂದವಾದವರೇ' ಅಂತ ಗದರುತ್ತಾರೆ. ನಾವಾದರೆ 'ನಿಮಗೆ ತಲೆ ಇಲ್ವಾ' ಅಂತಿದ್ದೆವು. ಕೆಲವೇ ವಚನ ದಾಟಿದರೆ ಅದೇ ಇಬ್ಬರ ಕಾರ್ಡಿಯಾ ಕುದಿಯುತ್ತದೆ. ಅಂದರೆ ಭಾವನೆ ಇಲ್ಲ ಅಂತಲ್ಲ, ಬುದ್ಧಿಯನ್ನು ಹೊರಗಟ್ಟಿಲ್ಲ ಅಷ್ಟೇ.

ಇದರ ಹಿಂದೆ ಹಳೇ ಒಡಂಬಡಿಕೆಯ ಭಾಷೆ ಹೀಬ್ರೂ ಇದೆ. ಅಲ್ಲಿ 'ಲೇವ್' ಅಂದರೆ ಯೋಚನೆ, ಇಚ್ಛೆ, ಆಸೆ ಎಲ್ಲದರ ಮನೆ. ಕ್ರಿ.ಪೂ. 3ನೇ ಶತಮಾನದಿಂದ ಯೆಹೂದಿ ಗ್ರಂಥಗಳನ್ನು ಗ್ರೀಕಿಗೆ ತಂದವರು ಅದನ್ನು ಹೆಚ್ಚಾಗಿ ಕಾರ್ಡಿಯಾ ಅಂತಲೇ ಬರೆದರು. ಆದರೆ ಗ್ರೀಕರಲ್ಲಿ ತತ್ವಜ್ಞಾನಿ ಪ್ಲೇಟೋ ಬುದ್ಧಿಯನ್ನು ತಲೆಯಲ್ಲಿ ಇಟ್ಟುಬಿಟ್ಟಿದ್ದ, ಹಾಗಾಗಿ ಕಾರ್ಡಿಯಾ ಅಂದರೆ ಬುದ್ಧಿ ಬಿಟ್ಟದ್ದು ಅಂತ ಅವರು ತಿಳಿಯುವ ಅಪಾಯ ಇತ್ತು. ಧರ್ಮೋಪದೇಶಕಾಂಡದ 6:5ರಲ್ಲಿ ದೇವರನ್ನು ಪ್ರೀತಿಸಲು ಹೇಳಿರುವುದು ಹೃದಯ, ಪ್ರಾಣ, ಶಕ್ತಿ ಈ ಮೂರರಿಂದ. ಮಾರ್ಕ 12:30ರಲ್ಲಿ ಅದು ನಾಲ್ಕಾಗಿದೆ, 'ದಿಯಾನೋಯಾ', ಅಂದರೆ ಬುದ್ಧಿ, ಸೇರಿದೆ. ಗ್ರೀಕ್ ಕಿವಿಗೆ ತಪ್ಪು ತಿಳಿಯದಿರಲಿ ಅಂತಲೇ ಸೇರಿಸಿರಬಹುದು, ನನ್ನ ಊಹೆ.

ನಮಗೆ ಇಷ್ಟೆಲ್ಲ ಕಷ್ಟವೇ ಬೇಡ. ಕನ್ನಡದಲ್ಲಿ 'ಮನಸ್ಸು' ಇದೆಯಲ್ಲ! ಮನಸ್ಸಲ್ಲೇ ಲೆಕ್ಕ ಹಾಕುತ್ತೇವೆ, ಮನಸ್ಸು ಮಾಡುತ್ತೇವೆ, ಮನಸ್ಸು ಕಲ್ಲು ಮಾಡಿಕೊಳ್ಳುತ್ತೇವೆ, ಮನಸ್ಸು ನೋಯುತ್ತದೆ. ಕಾರ್ಡಿಯಾ ಅಂದರೆ ಬಹುಪಾಲು ಇದೇ. 'ಹೃದಯ' ಅಂದ ತಕ್ಷಣ ಪ್ರೇಮಿಗಳ ದಿನದ ಕೆಂಪು ಬಲೂನು ನೆನಪಾಗುವ ಕಾಲ ಇದು, ಪಾಪ ಆ ಪದದ ತಪ್ಪೇನೂ ಇಲ್ಲ. ನಮ್ಮ ಹಳೇ ಬೈಬಲಿನವರು ಮತ್ತಾಯ 5:8ರಲ್ಲಿ 'ನಿರ್ಮಲಚಿತ್ತರು' ಅಂತ ಬರೆದದ್ದು ಎಷ್ಟು ಜಾಣತನ, ಅಲ್ವಾ?

ಹಾಗಾದರೆ ಮರುಗುವುದು ಎಲ್ಲಿ? ಅದಕ್ಕೆ ಗ್ರೀಕಿನಲ್ಲಿ ಬೇರೆ ಪದವೇ ಇದೆ: 'ಸ್ಪ್ಲಾಂಖ್ನಾ'. ನೇರ ಅರ್ಥ ಹೊಟ್ಟೆಯೊಳಗಿನ ಅಂಗಗಳು, ಕರುಳು. ಯೇಸು ಹೇಳಿದ ಕಥೆಗಳಲ್ಲಿ ಗಾಯಗೊಂಡು ಬಿದ್ದವನನ್ನು ಕಂಡ ಸಮಾರ್ಯದವನಿಗೆ, ಮನೆ ಬಿಟ್ಟು ಹೋದ ಮಗ ದೂರದಲ್ಲಿ ಬರುವುದನ್ನು ಕಂಡ ಅಪ್ಪನಿಗೆ ಆದದ್ದನ್ನು ಸುವಾರ್ತೆ ಬರೆದ ಲೂಕ ಹೇಳುವುದು ಈ ಪದದಿಂದ ಹುಟ್ಟಿದ ಕ್ರಿಯಾಪದದಲ್ಲಿ. 'ಕನಿಕರಪಟ್ಟನು' ಅಂದರೆ ಏನೋ ಸಪ್ಪೆ. 'ಕರುಳು ಚುರ್ ಅಂದಿತು' ಅನ್ನಿ, ಗ್ರೀಕ್ ಹತ್ತಿರಕ್ಕೇ ಬಂದುಬಿಡುತ್ತದೆ.

ಅಪೊಸ್ತಲ ಪೌಲ ಫಿಲೆಮೋನನಿಗೆ ಬರೆದ ಪುಟ್ಟ ಪತ್ರ ಇದೆ, ಒಂದೇ ಅಧ್ಯಾಯ, 25 ವಚನ. ಒನೇಸಿಮ ಎಂಬ ದಾಸನನ್ನು ಅವನ ಯಜಮಾನ ಫಿಲೆಮೋನನ ಬಳಿಗೆ ವಾಪಸ್ ಕಳಿಸುತ್ತಾ ಪೌಲ, ಸೆರೆಯಲ್ಲಿದ್ದಾಗ ನಾನು ಹೆತ್ತ ಮಗ ಇವನು ಅಂತಾನೆ. ಮುಂದುವರಿದು, ಇವನು ನನ್ನ ಸ್ಪ್ಲಾಂಖ್ನಾ ಅಂತಾನೆ. ಈಗಿನ ಇಂಗ್ಲಿಷ್ ಅನುವಾದಕರು ಬಹುಪಾಲು ಅಲ್ಲೂ 'ಹಾರ್ಟ್' ಅಂತ ಹಾಕಿ ಕೈ ತೊಳೆದುಕೊಂಡಿದ್ದಾರೆ. ನಮ್ಮ ಅಜ್ಜಿಯರನ್ನು ಕೇಳಿದ್ದರೆ ತಡವರಿಸದೆ ಹೇಳುತ್ತಿದ್ದರು: ಕರುಳಕುಡಿ.