ನಗಬೇಡಿ

ಆನ್‌ಲೈನಿನಲ್ಲಿ ವೀಸಾ ಅರ್ಜಿ ತುಂಬುತ್ತಾ ಮೂವತ್ತೊಂದನೇ ಪ್ರಶ್ನೆಯ ಹತ್ತಿರ ಎದ್ದು ಹೋಗಿ ನೀರು ಕುಡಿದು ಬಂದೆ. ನಾನು ಮಾಡಿದ ತಪ್ಪು ಅಷ್ಟೇ. ವಾಪಸ್ ಬಂದು ಕೂತರೆ ಪರದೆಯ ಮೇಲೆ ಒಂದೇ ಸಾಲು: 'ನಿಮ್ಮ ಅವಧಿ ಮುಗಿದಿದೆ.' ಒಂದು ಕ್ಷಣ ಎದೆ ಧಸಕ್ಕೆಂದಿತು. ಆಮೇಲೆ ಗೊತ್ತಾಯಿತು, ಮುಗಿದದ್ದು ಲಾಗಿನ್ ಅವಧಿ, ನನ್ನದಲ್ಲ. ಆದರೂ ಇಷ್ಟು ದೊಡ್ಡ ಮಾತನ್ನು ಇಷ್ಟು ಸಲೀಸಾಗಿ ಹೇಳಬಾರದು.

ಹಿಂದಿನ ಮೂವತ್ತು ಉತ್ತರಗಳೂ ಹೋದವು. ಅವನ್ನು ಕೂಡಿಹಾಕಲು ನಾನು ಸುಮ್ನೆ ಕೂತಿರಲಿಲ್ಲ. ಅಪ್ಪ ಹುಟ್ಟಿದ ಊರು, ಅಮ್ಮನ ಮದುವೆಗೆ ಮುಂಚಿನ ಹೆಸರು, ಹತ್ತು ವರ್ಷಗಳಲ್ಲಿ ಹೋಗಿಬಂದ ದೇಶಗಳು, ಹೋದ ದಿನ, ಬಂದ ದಿನ. ಹಳೇ ಪಾಸ್‌ಪೋರ್ಟಿನ ಮುದ್ರೆಗಳನ್ನು ಭೂತಗನ್ನಡಿ ಹಿಡಿದು ಓದಿದ್ದೆ. ಪುಟಗಟ್ಟಲೆ ಜಾಗ ಖಾಲಿ ಬಿದ್ದಿದ್ದರೂ ಒಬ್ಬರ ಮುದ್ರೆಯ ಮೇಲೇ ಇನ್ನೊಬ್ಬರು ಒತ್ತುತ್ತಾರಲ್ಲ, ಅದೇನು ಆಸೆಯೋ!

ಆ ಮೂವತ್ತೊಂದನೇ ಪ್ರಶ್ನೆ 'ಪ್ರವಾಸದ ಉದ್ದೇಶವೇನು?' ಅಂತ. ಕೆಳಗಿನ ಪಟ್ಟಿಯಲ್ಲಿ ನನಗೆ ಹೊಂದುವ ಉತ್ತರ ಒಂದೇ ಇತ್ತು: ಪ್ರವಾಸ. ನೀರು ಕುಡಿಯುವಾಗ ಇದೇ ತಲೆಯಲ್ಲಿತ್ತು. ಗೊತ್ತಿಲ್ಲದ ಊರಿನ ಬೀದಿಯಲ್ಲಿ ಕಾಲು ನೋಯುವ ತನಕ ಅಲೆದು, 'ಮನೇಲೇ ಇರಬಹುದಿತ್ತು' ಅಂದುಕೊಳ್ಳಲು ನಾವು ಇಷ್ಟೆಲ್ಲ ಯಾಕೆ ಒದ್ದಾಡುತ್ತೇವೆ? ಈ ಎಳೆ ಹಿಡಿದು ಹೋದರೆ ಏನೋ ಒಳ್ಳೆಯ ಮಾತು ಸಿಗುತ್ತದೆ ಅನ್ನಿಸಿತ್ತು. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ. ಅದಕ್ಕೆ ಮುಂಚೆ ಫೋಟೊ ವಿಷಯ ಹೇಳಿಬಿಡುತ್ತೇನೆ.

ಬಹಳಷ್ಟು ದೇಶಗಳಿಗೆ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರದ ಫೋಟೊ ಬೇಕು. ಅಮೆರಿಕಕ್ಕೆ ಎರಡಿಂಚಿನ ಚೌಕ. 2016ರ ನವೆಂಬರ್‌ನಿಂದ ಅವರಿಗೆ ಕನ್ನಡಕವೂ ಆಗುವುದಿಲ್ಲ. ಹೆಚ್ಚುಕಡಿಮೆ ಎಲ್ಲರೂ ಒಪ್ಪಿದ ಸಂಗತಿ ಒಂದೇ, ಹಲ್ಲು ಕಾಣಬಾರದು. ಮುಖಗಳನ್ನು ಹೋಲಿಸಿ ನೋಡುವ ಯಂತ್ರಕ್ಕೆ ನಗು ಅಡ್ಡ ಬರುತ್ತದಂತೆ. ಖುಷಿಪಡಲು ಹೊರಟವನು ಖುಷಿಯಾಗಿ ಕಾಣಬಾರದು, ಅಷ್ಟೇ ತಾನೇ?

ನನ್ನ ಹೆಂಡತಿ ಬೀರುವಿನ ಬಾಗಿಲಿಗೆ ಬಿಳಿ ಬೆಡ್‌ಶೀಟ್ ಇಳಿಬಿಟ್ಟು ಫೋನ್ ಹಿಡಿದು ನಿಂತಳು. "ರೀ, ಗಲ್ಲ ಸ್ವಲ್ಪ ಕೆಳಗೆ ಮಾಡಿ. ಅಷ್ಟು ಬೇಡ. ಯಾರೋ ಬೈದ ಹಾಗೆ ಕಾಣ್ತಿದೀರಿ." ಮೊದಲ ಫೋಟೊದಲ್ಲಿ ಹಿಂದೆ ನೆರಳು. ಎರಡನೆಯದರಲ್ಲಿ ಬೆಡ್‌ಶೀಟಿನ ಎರಡು ಮಡಿಕೆಗಳು ಸರಿಯಾಗಿ ನನ್ನ ತಲೆಯ ಮೇಲೆಯೇ ಎದ್ದು ಕೊಂಬು ಮೂಡಿಸಿದ್ದವು. ಮೂರನೆಯದು ನಮ್ಮಿಬ್ಬರಿಗೂ ಒಪ್ಪಿಗೆಯಾಯಿತು. ವೆಬ್‌ಸೈಟಿಗೆ ಆಗಲಿಲ್ಲ. ಫೈಲು ದೊಡ್ಡದಾಯಿತಂತೆ. ಕುಗ್ಗಿಸಿದೆ. ಚಿಕ್ಕದಾಯಿತಂತೆ. ಹಿಗ್ಗಿಸಿದೆ. ಈಗ 'ಕಣ್ಣು ಮುಚ್ಚಿದೆ' ಅಂದಿತು.

ಮುಚ್ಚಿರಲಿಲ್ಲ. ನನ್ನ ಕಣ್ಣು ಇರುವುದೇ ಅಷ್ಟು. ಈ ಮಾತು ಕೇಳಿಸಿಕೊಂಡವನು ನಾನೊಬ್ಬನೇ ಅಲ್ಲ ಅನ್ನುವುದೇ ಸಮಾಧಾನ. 2016ರಲ್ಲಿ ನ್ಯೂಜಿಲೆಂಡಿನಲ್ಲಿ ಏಷ್ಯಾ ಮೂಲದ ಒಬ್ಬ ಯುವಕ ಪಾಸ್‌ಪೋರ್ಟಿಗೆ ಫೋಟೊ ಹಾಕಿದಾಗ ಅಲ್ಲಿನ ಯಂತ್ರವೂ ಹೀಗೇ ಹೇಳಿತ್ತು. ಪಾಪ, ಆತ ಕಣ್ಣು ತೆರೆದೇ ಇದ್ದ. ನಕ್ಕು ಸುಮ್ಮನಾದನಂತೆ. ಅಷ್ಟು ಒಳ್ಳೆಯತನ ನನಗಿಲ್ಲ.

ಮೊದಲನೇ ಮಹಾಯುದ್ಧದ ಕಾಲದ ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿ ಫೋಟೊ ಜೊತೆಗೆ ಮುಖದ ವಿವರವನ್ನೂ ಬರೆಯುತ್ತಿದ್ದರು. ಹಣೆ: ಅಗಲ. ಮೂಗು: ದೊಡ್ಡದು. ಕಣ್ಣು: ಚಿಕ್ಕದು. ಈ ಥರ. ಆಗಿನವರಿಗೆ ಇದು ಅವಮಾನ ಅನ್ನಿಸಿತ್ತಂತೆ. ನನಗೇನೋ ಈ ಪದ್ಧತಿಯೇ ವಾಸಿ ಅನ್ನಿಸುತ್ತದೆ. ಕೆಬಿ ಲೆಕ್ಕ ಇಲ್ಲ, ನೆರಳಿನ ಕಾಟ ಇಲ್ಲ. ಹೆಂಡತಿಗೆ ಹೇಳಿದೆ. ಅವಳು ಪೆನ್ನು ಹುಡುಕಲೂ ಇಲ್ಲ. "ಹಣೆ: ದಿನೇ ದಿನೇ ಬೆಳೀತಾ ಇದೆ. ಮೂಗು: ಬೇಡದ ಕಡೆ ತೂರಿಸುವಂಥದ್ದು. ಕಿವಿ: ಇದೆ, ಕೇಳಿಸೋದಿಲ್ಲ." ಅಷ್ಟಕ್ಕೆ ಆ ಪದ್ಧತಿಯ ಮೇಲಿನ ಅಭಿಮಾನ ಬಿಟ್ಟೆ.

ಇಷ್ಟಾದ ಮೇಲೆ ಹಳೇ ಕಥೆ ಕೆದಕದೆ ಬಿಡುತ್ತೇನಾ? 1920ರಲ್ಲಿ, ಈಗಿನ ವಿಶ್ವಸಂಸ್ಥೆಗೂ ಮುಂಚಿನ ರಾಷ್ಟ್ರಗಳ ಒಕ್ಕೂಟದವರು ಪ್ಯಾರಿಸ್ಸಿನಲ್ಲಿ ಸಭೆ ಸೇರಿ ಪಾಸ್‌ಪೋರ್ಟ್ ಪುಸ್ತಕಕ್ಕೆ ಒಂದು ಅಚ್ಚು ಹಾಕಿಕೊಟ್ಟರು. ತಮಾಷೆ ಅಂದರೆ, ಯುದ್ಧಕ್ಕೆ ಮುಂಚೆ ಇದ್ದ ಹಾಗೆ ಜನ ಸಲೀಸಾಗಿ ಓಡಾಡುವಂತಾಗಲಿ, ಈ ಕಟ್ಟುಪಾಡೆಲ್ಲ ಮುಂದೆ ತೆಗೆದರಾಯಿತು ಅನ್ನುವ ಆಸೆಯೂ ಅವರಿಗಿತ್ತು. ನೂರು ವರ್ಷ ದಾಟಿತು. ತೆಗೆಯುವವರು ಇನ್ನೂ ನೀರು ಕುಡಿಯಲು ಹೋಗಿರಬೇಕು.

ಇನ್ನು ದಾಖಲೆಗಳ ಪುಟ. ಒಂದು ಸಾಲಿನಲ್ಲಿ 'ಹೋಗಿ ಬರುವ ಟಿಕೆಟ್ ಲಗತ್ತಿಸಿ' ಅಂತ ಇತ್ತು. ನಾಲ್ಕು ಸಾಲಿನ ಕೆಳಗೆ 'ವೀಸಾ ಸಿಗುವ ತನಕ ಟಿಕೆಟ್ ಕೊಳ್ಳಬೇಡಿ.' ಮದುವೆಯಾಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆಯಾಗಲ್ಲ. ಅರ್ಜಿ ತಿರಸ್ಕಾರವಾದರೆ ಕಟ್ಟಿದ ಹಣ ವಾಪಸ್ ಇಲ್ಲ ಅನ್ನುವುದನ್ನು ಮಾತ್ರ ದಪ್ಪ ಅಕ್ಷರದಲ್ಲಿ, ಸ್ಪಷ್ಟವಾಗಿ ಬರೆದಿದ್ದರು. ನಾನು ಕೆಟ್ಟವನಲ್ಲ ಅಂತ ನಾನೇ ದುಡ್ಡು ಕೊಟ್ಟು ಸಾಬೀತು ಮಾಡಬೇಕು. ಮಾಡಿದರೂ ಅವರು ನಂಬಬೇಕೆಂದೇನಿಲ್ಲ. ಭಯೋತ್ಪಾದಕನೇ ಅನ್ನುವ ಪ್ರಶ್ನೆಗೆ ಎರಡೇ ಗುಂಡಿ, ಪಕ್ಕಪಕ್ಕದಲ್ಲಿ. ಮೌಸ್ ಸ್ವಲ್ಪ ಜಾರಿದರೆ ಗತಿಯೇನು?

ಕೆಲವು ದೇಶದವರು ಹೆಗಲಿಗೊಂದು ಚೀಲ ಏರಿಸಿ ಹೊರಟೇಬಿಡುತ್ತಾರೆ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಮುಚ್ಚಿಡುವುದೇನು. ಆದರೆ 2009ರ ಜನವರಿಯಿಂದ, ಅಮೆರಿಕಕ್ಕೆ ವೀಸಾ ಬೇಡದ ಬಹುತೇಕ ದೇಶದವರೂ ವಿಮಾನ ಹತ್ತುವ ಮುಂಚೆ ಆನ್‌ಲೈನ್ ಅನುಮತಿ ಪಡೆಯಬೇಕು. 2025ರ ಏಪ್ರಿಲ್‌ನಿಂದ ಬ್ರಿಟನ್ ಕೂಡ ಯುರೋಪಿನ ಬಹುತೇಕ ಜನರಿಂದ ಇಂಥದ್ದೇ ಅರ್ಜಿ ತುಂಬಿಸುತ್ತಿದೆ. ಓದಿ ಒಂಥರಾ ಖುಷಿಯಾಯಿತು. ಒಳ್ಳೆಯ ಖುಷಿಯಲ್ಲ. ಅವರ ಬೆಡ್‌ಶೀಟಿಗೂ ಮಡಿಕೆ ಬೀಳಲಿ.

ಕೊನೆಗೆ ಏಳನೇ ಫೋಟೊ ಹಿಡಿಸಿತು. ಅದರಲ್ಲಿ ನನ್ನ ಕಣ್ಣು ದೆವ್ವ ಕಂಡವನ ಹಾಗೆ ಅಗಲವಾಗಿದೆ. ಇಂಥವನನ್ನು ನಾನಾದರೆ ಯಾವ ದೇಶದೊಳಕ್ಕೂ ಬಿಡುತ್ತಿರಲಿಲ್ಲ. ಅರ್ಜಿ ಕಳಿಸಿ, ಹಣ ಕಟ್ಟಿ, ಪ್ರತಿ ತೆಗೆದು ಹೆಂಡತಿಯ ಕೈಗೆ ಕೊಟ್ಟೆ. ಏನೋ ಗೆದ್ದವನ ಹಾಗೆ ನಿಂತಿದ್ದೆ ಅಂತ ಕಾಣುತ್ತದೆ.

ಅವಳು ಎರಡನೇ ಪುಟದಲ್ಲಿ ನಿಂತಳು. "ನಾನು ನವೆಂಬರ್‌ನಲ್ಲಿ ಯಾವಾಗ ಹುಟ್ಟಿದೆ?"

ಅವಳು ಹುಟ್ಟಿದ್ದು ಏಪ್ರಿಲ್ 11. ನಾನು 11/4 ಅಂತಲೇ ಹಾಕಿದ್ದೆ. ಅಲ್ಲಿ ತಿಂಗಳು ಮೊದಲು, ತಾರೀಖು ಆಮೇಲೆ ಅಂತ ಯಾರು ನೋಡಿದರು? ಕಳಿಸಿದ ಅರ್ಜಿಯನ್ನು ತಿದ್ದುವ ಹಾಗಿಲ್ಲ, ಹೊಸದನ್ನೇ ಹಾಕಬೇಕು. ತಪ್ಪು ವೆಬ್‌ಸೈಟಿನದು ಅಂತ ವಿವರಿಸಿದೆ. ಅವಳು ಕೇಳಿಸಿಕೊಂಡಳು, ಏನೂ ಹೇಳಲಿಲ್ಲ. ಅದು ಇನ್ನೂ ಕೆಟ್ಟದ್ದು.

ಅವಳ ಅರ್ಜಿಯೂ ಬಾಕಿ ಇತ್ತು. ತಲೆ ಬಾಚಿಕೊಂಡು ಬಂದು ಬೆಡ್‌ಶೀಟಿನ ಮುಂದೆ ನಿಂತಳು. ನಾನು ಫೋನ್ ಎತ್ತಿ ನೋಡಿದೆ. ನಗಬೇಡ ಅಂತ ಹೇಳುವ ಅಗತ್ಯವೇ ಬರಲಿಲ್ಲ.